ಕವಡೆ ಚೆಲ್ಲಿದ ಪಾಠ

ಚೌಕಾಬಾರ ಆಡಲು ಬೇಕಾಗುವುದು ತುಂಡು ಸೀಮೆಸುಣ್ಣ, ನಾಲ್ಕು ಕವಡೆ, ಜಗಲಿಯ ಮೇಲೊಂದು ಬಿಡುವಿನ ಮಧ್ಯಾಹ್ನ. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಂಡರಾಯಿತು. ಚಾಮರಾಜನಗರ ಸೀಮೆಯ ಉಡಿಗಾಲದ ಕಡೆ ಬೆಳೆದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವರೇ ಬೇದರಪುರದ ಸುವರ್ಣಗಂಗೋತ್ರಿಯಲ್ಲಿ, ಈಗಿನ ಚಾಮರಾಜನಗರ ವಿಶ್ವವಿದ್ಯಾಲಯದಲ್ಲಿ, ಎಂ.ಎ.ಗೆ ಕೂತರೆ ಪ್ರಾಕ್ಕಲ್ಪನೆ, ದತ್ತಾಂಶ ಎಂದೆಲ್ಲ ಬಾಯಿಪಾಠ ಮಾಡಬೇಕಾಗುತ್ತದೆ. ಅಂಥವರ ಮುಂದೆ ಕವಡೆ ಚೆಲ್ಲಿಯೇ ಸಂಶೋಧನೆಯ ಪಾಠ ಶುರುವಾಗಬೇಕೆಂಬುದು ನನ್ನ ಬಹುದಿನದ ಆಸೆ.

ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎರಡು ಮಗ್ಗುಲೂ ಸಮವಾಗಿ ಬೀಳುವಂತಿದ್ದರೆ ಸರಾಸರಿ 16 ಎಸೆತಕ್ಕೆ ಒಂದು ಚೌಕ, ಒಂದು ಬಾರ, ಆರು ಸಲ ಎರಡು (ಎರಡು ಅಂಗಾತ, ಎರಡು ಬೋರಲು). ಆದರೆ ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಅದು ಈ ಲೆಕ್ಕಕ್ಕೆ ಬಗ್ಗೀತೇ? ನೂರು ಸಲ ಎಸೆದು ಬರೆದುಕೊಳ್ಳಲಿ. ಹುಣಸೆ ಬೀಜದಲ್ಲೂ ನೂರು ಸಲ. ಎರಡು ಪಟ್ಟಿ ಪಕ್ಕಪಕ್ಕ ಬಂದಾಗ ನೋಡಿ: ನೂರು ಸಾಕೇ, ಎಸೆದ ಕೈ ಒಂದೇ ಇತ್ತೇ, ಬೀಜವೆಲ್ಲ ಒಂದೇ ಹದಕ್ಕೆ ಸವೆದಿತ್ತೇ ಎಂದು ಜಗಳ ತಾನಾಗಿ ಏಳುತ್ತದೆ. ಆ ಜಗಳ ನನಗೆ ಬಲು ಇಷ್ಟ.

ಅದಕ್ಕಿಂತ ರುಚಿಯಾದದ್ದು ನಿಯಮಗಳ ಬೆನ್ನು ಹತ್ತುವುದು. ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಬಿಡುತ್ತಾರೋ ಇಲ್ಲವೋ, ಕಟ್ಟೆಯಲ್ಲಿ ಕೂತ ಕಾಯಿಯನ್ನು ಮುಟ್ಟಬಹುದೋ ಇಲ್ಲವೋ, ಮನೆಗೊಂದು ಮಾತು. "ನಮ್ಮೂರಲ್ಲಿ ಹಂಗಿಲ್ಲ ಕನ ಮಗ" ಎಂದು ಅಜ್ಜಿ ಅಂದರೆ, ಆ ಮಾತನ್ನು ತಿದ್ದದೆ ಬರೆದುಕೊಳ್ಳಬೇಕು. ಅವಳ ತವರು ಯಾವುದು, ಯಾರಿಂದ ಕಲಿತಳು ಎಂದು ಕೇಳಬೇಕು. ಸೊಸೆ ಬೇರೆ ಹೇಳಿದರೆ ಇಬ್ಬರ ಮಾತನ್ನೂ ಉಳಿಸಿಕೊಳ್ಳಬೇಕು. ಮದುವೆಯಾಗಿ ಬಂದವಳ ಜೊತೆ ನಿಯಮವೂ ಊರು ದಾಟಿತೇ ಎಂದು ಹತ್ತು ಮನೆ ಸುತ್ತಿ ಪರೀಕ್ಷಿಸಬಹುದು.

ಬರಹದ ಆಕರವೂ ಈ ನೆಲದ ನಂಟಿನದೇ. ಅರಿಕುಠಾರಕ್ಕೆ ತಂದೆಯ ಹೆಸರಿಟ್ಟು ಚಾಮರಾಜನಗರವಾಗಿಸಿ, 1826ರಲ್ಲಿ ಚಾಮರಾಜೇಶ್ವರ ಗುಡಿ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ಮಹಾಪ್ರೇಮಿ. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡು ಸಲ ತುಳಿಯದೆ ಹಾಸೆಲ್ಲ ಸುತ್ತುವ ಬಗೆಗಳನ್ನು ಹುಡುಕಿದವರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ಭಾಗಗಳಲ್ಲಿ ಕೌತುಕನಿಧಿ ಆಟಗಳನ್ನು ವಿವರಿಸುತ್ತದೆ. ಅರಮನೆಯ ಗ್ರಂಥವನ್ನೂ ಅಜ್ಜಿಯ ಮಾತನ್ನೂ ಸರಿಸಮ ಇಟ್ಟು ಓದಬೇಕು. ಗ್ರಂಥ ಅಚ್ಚಾಗಿದೆ ಎಂಬ ಕಾರಣಕ್ಕೆ ಅಜ್ಜಿ ತಪ್ಪಾಗುವುದಿಲ್ಲ. ಹಬ್ಬದ ರಜೆಗೆ ಊರಿಗೆ ಹೋದ ವಿದ್ಯಾರ್ಥಿಗಳು ಯಾರನ್ನು, ಎಲ್ಲಿ, ಯಾವಾಗ ಕೇಳಿದೆವು ಎಂಬುದನ್ನೂ ಬರೆದು ತಂದರೆ, ನಾನಾದರೆ ಅದಕ್ಕೇ ಹೆಚ್ಚು ಅಂಕ ಕೊಡುತ್ತೇನೆ.