ಸುಲಿಯುವವನೂ ನಮ್ಮವನೇ

ನಮ್ಮ ಯಡ್ರಾಮಿ, ಜೇವರ್ಗಿ ಕಡೆ ಮುಂಬೈ, ಪುಣೆಗೆ ಗುಳೆ ಹೋದವರು ಊರೂರಲ್ಲೂ ಇದ್ದಾರೆ. ಪರವೂರಲ್ಲಿ ಪರಕೀಯರಿಗೆ ಹೆದರಬೇಕು ಅಂದುಕೊಳ್ಳುತ್ತೇವೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

1990ರ ದಶಕದಲ್ಲಿ ಮುಂಬೈನ ಕರಾವಳಿ ಮೂಲದ ಹೋಟೆಲ್ ಮಾಲೀಕರಿಗೂ ಹಫ್ತಾ ಕರೆ ಬರುತ್ತಿತ್ತು. ಸುಲಿಗೆಯ ಆರೋಪ ಹೊತ್ತು 2020ರಲ್ಲಿ ಸೆನೆಗಲ್‌ನಿಂದ ಬೆಂಗಳೂರಿಗೆ ಕರೆತರಲಾದ ರವಿ ಪೂಜಾರಿ ಉಡುಪಿಯ ಮಲ್ಪೆಯವನು. ಶತಮಾನದ ಹಿಂದೆ ನ್ಯೂಯಾರ್ಕಿನ ಇಟಲಿ ವಲಸಿಗರಿಗೆ ‘ಕಪ್ಪು ಕೈ’ ಗುರುತಿನ ಬೆದರಿಕೆ ಪತ್ರ ಕಳಿಸುತ್ತಿದ್ದವರೂ ಇಟಲಿಯವರೇ. ಅವರ ಬೆನ್ನುಹತ್ತಿದ ಜೋಸೆಫ್ ಪೆಟ್ರೊಸಿನೊ ಕೂಡ ಇಟಲಿಯಲ್ಲೇ ಹುಟ್ಟಿದ ಪೊಲೀಸ್ ಅಧಿಕಾರಿ. 1909ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಗುಂಡಿಗೆ ಬಲಿಯಾದ.

ನಮ್ಮವನಿಗೆ ನಮ್ಮ ದುಡಿಮೆ ಗೊತ್ತು, ಊರಲ್ಲಿರುವ ಮನೆ ಗೊತ್ತು, ಠಾಣೆಗೆ ಹೋಗಲು ಅಂಜುತ್ತೇವೆ ಎಂಬುದೂ ಗೊತ್ತು. ಗುಳೆ ಹೋದವರ ಮಾತು ತಿಳಿಯುವ ಒಬ್ಬ ಪೇದೆ ಅಲ್ಲಿನ ಠಾಣೆಯಲ್ಲಿದ್ದರೆ ಆ ಅಂಜಿಕೆ ಅರ್ಧ ಕಮ್ಮಿಯಾದೀತು.