ಮೀಸೆ ಮಣ್ಣಾದ ಜಟ್ಟಿ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯು ಕನ್ನಡಿಗರಲ್ಲಿ ಮನೆಮಾತಾಗಿದೆ. ಬಿದ್ದುದನ್ನು ಊರೆಲ್ಲ ಕಂಡಿದ್ದರೂ ಬಿದ್ದವನು ಮಾತ್ರ ಅದನ್ನು ಒಪ್ಪಿಕೊಳ್ಳಲಾರನೆಂದು ಆ ಗಾದೆಯು ನಗುತ್ತದೆ. ಗೆಲುವುಗಳನ್ನು ಎಣಿಸುವುದು ಸುಲಭ. ಅವನ್ನು ಸಾರುವುದಕ್ಕೆ ಜನರು ಸದಾ ಸಿದ್ಧರಾಗಿರುತ್ತಾರೆ. ಸೋಲನ್ನು ತೂಗುವುದೇ ಕಷ್ಟ. ಆದುದರಿಂದ ಜಗಜ್ಜಟ್ಟಿಯೊಬ್ಬನ ಬೆಲೆಯನ್ನು ಕಟ್ಟಬೇಕಾದರೆ ಅವನ ಪಂದ್ಯಗಳ ಪಟ್ಟಿ, ಅವನ ತೋಳಿನ ಬಲ, ಅವನ ಈಚಿನ ಆಟ ಇವು ಮೂರನ್ನೂ ನೋಡಿದ ಮೇಲೆ, ತಾನು ಬಿದ್ದುದನ್ನು ಅವನು ಹೇಗೆ ಕಂಡನೆಂಬ ನಾಲ್ಕನೆಯ ಸಂಗತಿಯನ್ನೂ ತಕ್ಕಡಿಗೆ ಹಾಕಬೇಕಾಗುತ್ತದೆ. ಅಮೆರಿಕೆಯ ಕಪ್ಪು ಜನಾಂಗದಲ್ಲಿ ಹುಟ್ಟಿದ ಮುಷ್ಟಿಮಲ್ಲ ಜೋ ಲೂಯಿಸನ ಬಾಳು ಇಂಥ ತೂಕಕ್ಕೆ ತಕ್ಕುದಾದ ನಿದರ್ಶನವಾಗಿದೆ.

ಮೊದಲು ಪಟ್ಟಿಯನ್ನು ನೋಡಬಹುದು. ಲೂಯಿಸನು ೧೯೧೪ನೆಯ ಇಸವಿಯ ಮೇ ೧೩ರಂದು ಅಲಬಾಮಾ ಪ್ರಾಂತದ ಲಫಾಯೆಟ್ ಎಂಬ ಊರಿನ ಸಮೀಪದಲ್ಲಿ, ಕೋರಿಗೆ ಭೂಮಿಯನ್ನು ಮಾಡುತ್ತಿದ್ದ ಬಡ ಒಕ್ಕಲಿನ ಮನೆಯಲ್ಲಿ ಹುಟ್ಟಿದನು. ೧೯೨೬ರಲ್ಲಿ ಆ ಕುಟುಂಬವು ಡೆಟ್ರಾಯಿಟ್ ನಗರಕ್ಕೆ ವಲಸೆ ಹೋಯಿತು. ಮಗನು ಪಿಟೀಲು ಕಲಿಯಲೆಂದು ತಾಯಿಯು ಕೊಟ್ಟ ಹಣವನ್ನು ಅವನು ಮುಷ್ಟಿಯುದ್ಧದ ಗರಡಿಗೆ ಕಟ್ಟಿದನಂತೆ. ೧೯೩೪ರ ಜುಲೈ ೪ರಂದು ಷಿಕಾಗೋ ನಗರದಲ್ಲಿ ಹಣದ ಪಂದ್ಯಕ್ಕೆ ಮೊದಲ ಸಲ ಇಳಿದು, ಮೊದಲ ಸುತ್ತಿನಲ್ಲಿಯೇ ಎದುರಾಳಿಯನ್ನು ಕೆಡವಿದನು. ಮರುವರ್ಷ, ಹಿಂದೆ ಜಗಜ್ಜಟ್ಟಿಗಳಾಗಿದ್ದ ಪ್ರೀಮೋ ಕಾರ್ನೇರಾ, ಮ್ಯಾಕ್ಸ್ ಬೇರ್ ಇಬ್ಬರೂ ಅವನ ಮುಂದೆ ನಿಲ್ಲಲಾರದೆ ಹೋದರು. ೧೯೩೭ರ ಜೂನ್ ೨೨ರಂದು ಜೇಮ್ಸ್ ಬ್ರಾಡಕನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿ ಹೆವಿವೆಯಿಟ್ ವರ್ಗದ ಪಟ್ಟವನ್ನೇರಿದ ಲೂಯಿಸನು ೧೯೪೯ರ ಮಾರ್ಚ್ ೧ರಂದು ತಾನಾಗಿಯೇ ಅದರಿಂದ ಇಳಿದನು. ಅಷ್ಟರೊಳಗೆ ೧೧ ವರ್ಷ ೮ ತಿಂಗಳು ಕಳೆದಿದ್ದವು. ಪಟ್ಟವನ್ನು ಪಣಕ್ಕೊಡ್ಡಿ ೨೫ ಬಾರಿ ಉಳಿಸಿಕೊಂಡಿದ್ದನು. ಆ ವರ್ಗದಲ್ಲಿ ಪಟ್ಟವನ್ನು ಎಡೆಬಿಡದೆ ಅಷ್ಟು ಕಾಲ ಧರಿಸಿದವನು ಬೇರೊಬ್ಬನಿಲ್ಲ. ಅವನು ಆಡಿದ ಪಂದ್ಯಗಳು ಒಟ್ಟು ೬೯. ಗೆಲುವು ೬೬, ಸೋಲು ೩. ಗೆದ್ದವುಗಳಲ್ಲಿ ೫೨ ನಾಕ್‌ಔಟುಗಳು.

ಪಟ್ಟಿಯಲ್ಲಿ ಹುಳುಕನ್ನು ಹುಡುಕಿದವರೂ ಉಂಟು. ೧೯೪೦ರ ಡಿಸೆಂಬರಿನಿಂದ ೧೯೪೧ರ ಜೂನಿನವರೆಗೆ ಏಳು ತಿಂಗಳಲ್ಲಿ ಏಳು ಮಂದಿ ಅವನೆದುರಿಗೆ ಬಂದರು. ತಿಂಗಳಿಗೊಬ್ಬ ಕೈಲಾಗದವನೆಂದು ಪತ್ರಿಕೆಯವರು ಹಾಸ್ಯಮಾಡಿದರು. ಹಾಸ್ಯದಲ್ಲಿ ಸ್ವಲ್ಪ ಹುರುಳಿಲ್ಲದೆ ಇರಲಿಲ್ಲ. ಆದರೆ ತನ್ನ ಕಾಲದಲ್ಲಿ ಬದುಕಿದ್ದವರೊಡನೆಯೇ ಯಾವ ಜಟ್ಟಿಯಾದರೂ ಕಾದಬೇಕಷ್ಟೆ. ಕರೆದವರನ್ನು ಕಾಯಿಸದೆ, ಕಾರಣ ಹೇಳದೆ ಕಣಕ್ಕಿಳಿದುದು ಅವನ ಹಿರಿಮೆಯೆಂದೇ ಎಣಿಸಬೇಕು.

ಇನ್ನು ಬಲದ ವಿಚಾರ. ಆರಡಿಗೆ ಮೇಲ್ಪಟ್ಟ ಎತ್ತರ, ಸುಮಾರು ೨೦೦ ಪೌಂಡು ತೂಕ. ಇಷ್ಟರಿಂದಲೇ ಅವನ ಬಲವನ್ನು ವಿವರಿಸಲಾಗದು, ಅವನಿಗಿಂತ ಭಾರದವರು ಎಷ್ಟೋ ಮಂದಿ ಅವನ ಕೈಯಲ್ಲಿ ನೆಲಕಂಡರು. ಅವನ ಗುರು ಜಾಕ್ ಬ್ಲ್ಯಾಕ್‌ಬರ್ನನು ಮೊದಲು ಕಾಲನ್ನು ತಿದ್ದಿದನು, ಆಮೇಲೆ ಕೈಯನ್ನು. ಹೊಡೆಯುವಾಗ ಹೆಜ್ಜೆಯು ನೆಲವನ್ನು ಬಿಡಬಾರದು, ಮೈಯ ಭಾರವು ಭುಜದ ಮೂಲಕ ಮುಷ್ಟಿಗೆ ಇಳಿಯಬೇಕು ಎಂಬುದು ಆ ಶಿಕ್ಷಣದ ಸಾರ. ಲೂಯಿಸನು ಕುಣಿಯುತ್ತಿರಲಿಲ್ಲ, ನೆಲಕ್ಕೆ ಅಂಟಿದಂತೆ ಪಾದಗಳನ್ನು ಜರುಗಿಸುತ್ತ ಎದುರಾಳಿಯನ್ನು ಮೂಲೆಗೆ ಒತ್ತುತ್ತಿದ್ದನು. ಎಡಗೈಯ ನೇರವಾದ ಚುಚ್ಚು ದಾರಿಯನ್ನು ತೆರೆಯುತ್ತಿತ್ತು. ಬಲಗೈಯು ಗೇಣುದ್ದ ಮಾತ್ರ ಸರಿದು ಕೆಲಸವನ್ನು ಮುಗಿಸುತ್ತಿತ್ತು. ೧೯೪೧ರ ಜೂನ್ ೧೮ರಂದು ಬಿಲ್ಲಿ ಕಾನ್ ಎಂಬ ಹಗುರವಾದ, ಚುರುಕಾದ ಮಲ್ಲನು ಹನ್ನೆರಡು ಸುತ್ತುಗಳವರೆಗೆ ಅವನನ್ನು ಆಡಿಸಿ, ತೀರ್ಪುಗಾರರ ಎಣಿಕೆಯಲ್ಲಿ ಮುಂದಾಗಿದ್ದನು. ಹದಿಮೂರನೆಯದರಲ್ಲಿ, ಹೇಗೂ ಗೆಲ್ಲುವವನು ಕೆಡವಿಯೇ ಗೆಲ್ಲೋಣವೆಂದು ಮೈಮೇಲೆ ಬಿದ್ದನು. ಆ ಸುತ್ತು ಮುಗಿಯಲು ಎರಡು ಸೆಕೆಂಡುಗಳಿರುವಾಗ ಪಂದ್ಯವೇ ಮುಗಿದು, ಕಾನನು ಸೋತಿದ್ದನು. ಲೂಯಿಸನ ಬಲವು ಬರಿಯ ಭಾರವಾಗಿರದೆ, ಒಂದು ತಪ್ಪಿಗಾಗಿ ಕಾದು ಕುಳಿತಿರಬಲ್ಲ ತಾಳ್ಮೆಯೂ ಆಗಿತ್ತು.

ಇಂಥವನೂ ಬಿದ್ದಿದ್ದನು. ೧೯೩೬ರ ಜೂನ್ ೧೯ರಂದು, ಅದುವರೆಗೆ ಸೋಲನ್ನರಿಯದ ಲೂಯಿಸನನ್ನು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗನು ಹನ್ನೆರಡನೆಯ ಸುತ್ತಿನಲ್ಲಿ ಮಲಗಿಸಿದನು. ಎಡಗೈಯಿಂದ ಚುಚ್ಚಿದ ಮೇಲೆ ಲೂಯಿಸನು ಆ ಕೈಯನ್ನು ತಗ್ಗಿಸಿಯೇ ಹಿಂದಕ್ಕೆ ತೆಗೆಯುತ್ತಾನೆಂಬ ಒಂದು ಸಣ್ಣ ದೋಷವನ್ನು ಶ್ಮೆಲಿಂಗನು ಮೊದಲೇ ಕಣ್ಣಿಟ್ಟು ಕಂಡುಕೊಂಡಿದ್ದನು. ಆ ಸಂದಿಯಲ್ಲಿ ಅವನ ಬಲಗೈಯು ಮತ್ತೆ ಮತ್ತೆ ನುಗ್ಗಿತು. ಲೂಯಿಸನು ಮೀಸೆ ಮಣ್ಣಾಗಲಿಲ್ಲವೆಂದು ವಾದಿಸಲಿಲ್ಲ, ಕೈಯನ್ನು ತಿದ್ದಿಕೊಂಡನು. ಮರುವರ್ಷ ಪಟ್ಟವು ಬಂದಾಗಲೂ, ಶ್ಮೆಲಿಂಗನನ್ನು ಗೆಲ್ಲುವ ತನಕ ತನ್ನನ್ನು ಜಗಜ್ಜಟ್ಟಿಯೆಂದು ಕರೆಯಬಾರದೆಂದನು.

೧೯೩೮ರ ಜೂನ್ ೨೨ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಸುಮಾರು ೭೦,೦೦೦ ಜನರ ಮುಂದೆ ಅವರಿಬ್ಬರೂ ಮತ್ತೆ ನಿಂತಾಗ, ಅದು ಇಬ್ಬರ ಪಂದ್ಯವಾಗಿ ಉಳಿದಿರಲಿಲ್ಲ. ನಾಟ್ಸಿ ಸರಕಾರವು ಶ್ಮೆಲಿಂಗನನ್ನು ತನ್ನ ಕುಲಶ್ರೇಷ್ಠತೆಯ ಸಾಕ್ಷಿಯೆಂದು ಮೆರೆಸಿತ್ತು. ದಕ್ಷಿಣದ ಪ್ರಾಂತಗಳಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆಯನ್ನು, ಕಪ್ಪು ಪ್ರಯಾಣಿಕರಿಗೆ ಬೇರೆ ಡಬ್ಬಿಯನ್ನು ಇಟ್ಟಿದ್ದ ಅಮೆರಿಕವು ತನ್ನ ಮಾನವನ್ನೆಲ್ಲ ಆ ರಾತ್ರಿ ಒಬ್ಬ ಕಪ್ಪು ಮನುಷ್ಯನ ಹೆಗಲಿಗೆ ಹೊರಿಸಿತ್ತು. ಶ್ಮೆಲಿಂಗನು ಮೂರು ಬಾರಿ ಬಿದ್ದನು. ೧೨೪ ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯಿತು. ಶ್ಮೆಲಿಂಗನಿಗೂ ನ್ಯಾಯ ಸಲ್ಲಬೇಕು. ಅವನು ನಾಟ್ಸಿ ಪಕ್ಷವನ್ನು ಸೇರಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಯೆಹೂದ್ಯರ ಮೇಲೆ ದಾಳಿಗಳು ನಡೆದಾಗ ಇಬ್ಬರು ಯೆಹೂದ್ಯ ಹುಡುಗರಿಗೆ ತನ್ನ ಬಿಡಾರದಲ್ಲಿ ಆಶ್ರಯ ಕೊಟ್ಟನು.

ಕಟ್ಟಕಡೆಗೆ ಉಳಿಯುವುದು ಈಚಿನ ಆಟದ ಪ್ರಶ್ನೆ. ಅತ್ಯಂತ ಮೋಸದ ಅಳತೆಯು ಇದೇ. ೧೯೪೨ರಲ್ಲಿ ಲೂಯಿಸನು ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾದಳದ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟು, ತಾನೂ ಸೈನ್ಯವನ್ನು ಸೇರಿದನು. ಅದೇ ವರ್ಷ ಗುರು ಬ್ಲ್ಯಾಕ್‌ಬರ್ನನು ತೀರಿಕೊಂಡನು. ನಾಲ್ಕು ವರ್ಷಗಳ ಮೇಲೆ ಮತ್ತೆ ಪಟ್ಟದ ಕಣಕ್ಕಿಳಿದವನ ಮುಷ್ಟಿಯು ಹಿಂದಿನದೇ ಆಗಿತ್ತು; ಕಾಲೂ ಕಣ್ಣೂ ಹಿಂದಿನವಾಗಿರಲಿಲ್ಲ. ಜಟ್ಟಿಯ ಮೈಯಿಂದ ಬಲವು ಹೊರಡುವಾಗ ಕಾಲಿನಿಂದ ಮೊದಲು ಹೊರಡುತ್ತದೆ, ಮುಷ್ಟಿಯಿಂದ ಕೊನೆಗೆ. ನೋಡುವವರು ಮುಷ್ಟಿಯನ್ನೇ ನೋಡುತ್ತಾರೆ.

೧೯೪೭ರ ಡಿಸೆಂಬರ್ ೫ರಂದು ಜರ್ಸಿ ಜೋ ವಾಲ್ಕಾಟನು ಅವನನ್ನು ಎರಡು ಬಾರಿ ಕೆಡವಿದನು. ಹದಿನೈದು ಸುತ್ತುಗಳು ಮುಗಿದೊಡನೆ ಲೂಯಿಸನು ತೀರ್ಪಿಗೆ ಕಾಯದೆ ಕಣವನ್ನು ಬಿಟ್ಟು ಹೊರಡಲನುವಾದನು; ತಾನು ಸೋತೆನೆಂದೇ ಅವನ ನಂಬಿಕೆ. ಜೊತೆಯವರು ಅವನನ್ನು ತಡೆದು ನಿಲ್ಲಿಸಿಕೊಂಡರು. ಕಣದೊಳಗಿದ್ದ ಪಂಚನು ವಾಲ್ಕಾಟನ ಕಡೆಗೂ, ಹೊರಗಿದ್ದ ಇಬ್ಬರು ತೀರ್ಪುಗಾರರು ಲೂಯಿಸನ ಕಡೆಗೂ ಎಣಿಸಿದ್ದರಿಂದ ಪಟ್ಟವು ಉಳಿಯಿತು. ಆದರೆ ಅಂದಿನ ಮೂರು ತೀರ್ಪುಗಳಿಗಿಂತಲೂ ಹೊರಡಲು ತಿರುಗಿದ ಆ ಬೆನ್ನಿನ ತೀರ್ಪು ಹೆಚ್ಚು ನಿಷ್ಪಕ್ಷಪಾತವಾಗಿತ್ತು. ಮರುವರ್ಷದ ಜೂನ್ ೨೫ರಂದು ಅದೇ ವಾಲ್ಕಾಟನನ್ನು ಹನ್ನೊಂದನೆಯ ಸುತ್ತಿನಲ್ಲಿ ಕೆಡವಿದಾಗ ಜನರು ಹಳೆಯ ಲೂಯಿಸನು ಮರಳಿದನೆಂದು ಸಂತೋಷಪಟ್ಟರು. ಅವನು ಮಾತ್ರ ಜನರನ್ನು ನಂಬದೆ ತನ್ನ ಕಾಲುಗಳನ್ನು ನಂಬಿ, ೧೯೪೯ರಲ್ಲಿ ಪಟ್ಟದಿಂದಿಳಿದನು.

ಅಲ್ಲಿಗೇ ನಿಂತಿದ್ದರೆ ಅವನ ಪಟ್ಟಿಯಲ್ಲಿ ಸೋಲು ಒಂದೇ ಇರುತ್ತಿತ್ತು. ಸರಕಾರಕ್ಕೆ ಸಲ್ಲಬೇಕಾದ ವರಮಾನ ತೆರಿಗೆಯ ಬಾಕಿಯು ಬಡ್ಡಿಯೊಡನೆ ಬೆಳೆಯುತ್ತಿತ್ತು. ಅದು ಮುಂದೆ ಹತ್ತು ಲಕ್ಷ ಡಾಲರುಗಳನ್ನೂ ಮೀರಿತು. ಧಾರಾಳತನ, ಲೆಕ್ಕವನ್ನು ಇತರರ ಕೈಗೆ ಬಿಟ್ಟುದು ಇವು ಅವನ ತಪ್ಪುಗಳು. ಸಾಲದ ದೆಸೆಯಿಂದ ೧೯೫೦ರ ಸೆಪ್ಟೆಂಬರ್ ೨೭ರಂದು ಎಝರ್ಡ್ ಚಾರ್ಲ್ಸನೊಡನೆ ಕಾದಿ, ಹದಿನೈದು ಸುತ್ತುಗಳ ಎಣಿಕೆಯಲ್ಲಿ ಸೋತನು. ಆಮೇಲೆ ಸಾಲಾಗಿ ಎಂಟು ಪಂದ್ಯಗಳನ್ನು ಗೆದ್ದನು. ಈಚಿನ ಆಟವನ್ನು ಮಾತ್ರ ನೋಡುವವನು ಆ ಎಂಟನ್ನು ಎಣಿಸಿ ಮೋಸಹೋಗುತ್ತಾನೆ. ೧೯೫೧ರ ಅಕ್ಟೋಬರ್ ೨೬ರಂದು ೩೭ ವರ್ಷದ ಲೂಯಿಸನನ್ನು ಅವನಿಗಿಂತ ಒಂಬತ್ತು ವರ್ಷ ಚಿಕ್ಕವನಾದ ರಾಕಿ ಮಾರ್ಸಿಯಾನೋ ಎಂಟನೆಯ ಸುತ್ತಿನಲ್ಲಿ ಹಗ್ಗಗಳಾಚೆಗೆ ಕೆಡವಿದನು. ಆ ರಾತ್ರಿ ಅತ್ತವನು ಗೆದ್ದವನು.

ಹೀಗೆ ತೂಗಿದಾಗ, ಮೂರು ಸೋಲುಗಳಲ್ಲಿ ಮೊದಲನೆಯದು ಮಾತ್ರ ಜಟ್ಟಿಯ ಸೋಲು. ಅದನ್ನು ಅವನು ೧೨೪ ಸೆಕೆಂಡುಗಳಲ್ಲಿ ತೀರಿಸಿದನು. ಉಳಿದೆರಡು ಸಾಲಗಾರನ ಸೋಲುಗಳು. ಅವನ್ನು ತೀರಿಸಲು ಮುಷ್ಟಿಯಿಂದಾಗುವಂತಿರಲಿಲ್ಲ. ೧೯೮೧ರ ಏಪ್ರಿಲ್ ೧೨ರಂದು ಲೂಯಿಸನು ತೀರಿಕೊಂಡಾಗ ಅವನ ದೇಹವನ್ನು ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಸೈನಿಕ ಮರ್ಯಾದೆಯೊಡನೆ ಮಣ್ಣುಮಾಡಿದರು. ಅಂತ್ಯಕ್ರಿಯೆಯ ವೆಚ್ಚದಲ್ಲಿ ಒಂದು ಪಾಲನ್ನು ಕೊಟ್ಟವನು ಶ್ಮೆಲಿಂಗನು. ಒಮ್ಮೆ ಅವನನ್ನು ಕೆಡವಿ, ಒಮ್ಮೆ ಅವನಿಂದ ಕೆಡವಲ್ಪಟ್ಟು, ಕೊನೆಗೆ ಅವನ ಸ್ನೇಹಿತನಾದವನು. ಮೀಸೆ ಮಣ್ಣಾದುದನ್ನು ಒಪ್ಪಿಕೊಂಡವನಿಗೆ, ಆ ಮಣ್ಣನ್ನು ಒರಸಲು ಎದುರಾಳಿಯ ಕೈಯೇ ಒದಗಿತು.