ಟಸ್ಕಂಬಿಯಾದ ಮನೆಪಾಠ

ಕಳೆದ ಚೈತ್ರಮಾಸದಲ್ಲಿ ನಾನು ಅಮೆರಿಕದ ಅಲಬಾಮ ಸಂಸ್ಥಾನದ ಹಂಟ್ಸ್‌ವಿಲ್ ಪಟ್ಟಣಕ್ಕೆ ಹೋಗಬೇಕಾಗಿ ಬಂದಿತು. ನನ್ನ ಮಗನು ಅಲ್ಲಿ ಇಂಜಿನಿಯರನಾಗಿರುವನು. ದೇಶ ನೋಡುವ ಚಪಲ ನನಗೆ ಅಷ್ಟಿಲ್ಲ. ಸೊಸೆಯು ಫೋನಿನಲ್ಲಿ ಆಡಿದ ಮಾತೇ ನನ್ನನ್ನು ಹೊರಡಿಸಿತು. “ಮಾವ, ಮಗುವನ್ನು ಸ್ಕೂಲಿನಿಂದ ಬಿಡಿಸಿದ್ದೇವೆ. ಮನೆಯಲ್ಲಿಯೇ ನಾನು ಪಾಠ ಹೇಳುತ್ತಿದ್ದೇನೆ. ನೀವು ಕೆಲವು ತಿಂಗಳು ಬಂದು ಜೊತೆಗಿದ್ದರೆ ಧೈರ್ಯವಾಗುತ್ತದೆ” ಎಂದಳು.

ಮೊಮ್ಮಗನಿಗೆ ಒಂಬತ್ತು ವರ್ಷ. ಒಮ್ಮೆ ಕೇಳಿದ ಕಥೆಯನ್ನು ಬಿಡದೆ ತಿರುಗಿ ಹೇಳುವನು. ಕೆಟ್ಟ ಗಡಿಯಾರವನ್ನು ಬಿಚ್ಚಿ ಜೋಡಿಸುವನು. ಆದರೆ ಪುಸ್ತಕ ತೆರೆದೊಡನೆಯೇ ಅಕ್ಷರಗಳು ಅವನಿಗೆ ಕಲಸಿಹೋಗುವುವು. ಇದಕ್ಕೆ ಡಿಸ್‌ಲೆಕ್ಸಿಯಾ ಎಂದು ಹೆಸರು, ಇದು ಬುದ್ಧಿಮಾಂದ್ಯವಲ್ಲ, ಸೋಮಾರಿತನವೂ ಅಲ್ಲ ಎಂದು ಸೊಸೆ ತಿಳಿಸಿದಳು. ಒಂದು ತಟ್ಟೆಯಲ್ಲಿ ಮರಳು ಹರಡಿ, ಅಕ್ಷರದ ಧ್ವನಿಯನ್ನು ಬಾಯಲ್ಲಿ ಹೇಳಿಸುತ್ತಾ ಬೆರಳಿನಿಂದ ಬರೆಯಿಸುತ್ತಿದ್ದಳು. ನಾನು ನೋಡಿ ಮನಸ್ಸಿನಲ್ಲಿಯೇ ನಕ್ಕೆನು. 35 ವರ್ಷ ಮೇಷ್ಟರಾಗಿದ್ದವನಿಗೆ ಸೊಸೆಯ ಉಪಾಯವು ಹಿಡಿಸೀತೇ? ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಕಾಪಿ ಬರೆಸತೊಡಗಿದೆನು. ಹತ್ತನೆಯ ದಿನ ನನ್ನ ಧ್ವನಿ ಏರಿತು. ಹುಡುಗನು ಅಳಲಿಲ್ಲ, ಪುಸ್ತಕವನ್ನು ಮುಚ್ಚಿಟ್ಟು ಮೇಜಿನ ಕೆಳಗೆ ಹೋಗಿ ಕುಳಿತನು. ಆ ರಾತ್ರಿ ಸೊಸೆಯು ನನಗೆ ಊಟಕ್ಕೆ ಬಡಿಸಿದಳೇ ಹೊರತು ಮಾತಾಡಲಿಲ್ಲ.

ಆ ಶನಿವಾರ ಮಗನು ನಮ್ಮೆಲ್ಲರನ್ನೂ ಟಸ್ಕಂಬಿಯಾಕ್ಕೆ ಕರೆದೊಯ್ದನು. ಅದು ಪಶ್ಚಿಮಕ್ಕೆ ಸುಮಾರು 70 ಮೈಲಿ. ದಾರಿಯುದ್ದಕ್ಕೂ ಹತ್ತಿ ಬೆಳೆಯುವ ಕೆಮ್ಮಣ್ಣಿನ ಹೊಲಗಳು. ನಮ್ಮ ಕೋಲಾರದ ಕಡೆಯ ನೆಲವೇ ನೆನಪಾಯಿತು. ಊರು ಸಣ್ಣದು. ಹೆಲೆನ್ ಕೆಲ್ಲರ್ ಹುಟ್ಟಿ ಬೆಳೆದ ಐವಿ ಗ್ರೀನ್ ಎಂಬ ಮನೆ ಅಲ್ಲಿದೆ. ಆಕೆಯ ತಾತನು 1820ರಲ್ಲಿ ಕಟ್ಟಿಸಿದ ಬಿಳಿಯ ಹಲಗೆಯ ಮನೆ. ಪಕ್ಕದಲ್ಲಿ ಒಂದು ದೊಡ್ಡ ಕೋಣೆ, ಒಂದು ಸಣ್ಣ ಕೋಣೆಯ ಕುಟೀರ. 1880ರ ಜೂನ್ 27ರಂದು ಮಗು ಹುಟ್ಟಿದ್ದು ಅದರಲ್ಲಿ. ಹತ್ತೊಂಬತ್ತು ತಿಂಗಳಾಗಿದ್ದಾಗ ಬಂದ ಒಂದು ಕಾಯಿಲೆಯು ಅದರ ಕಣ್ಣನ್ನೂ ಕಿವಿಯನ್ನೂ ಒಟ್ಟಿಗೆ ಕೊಂಡುಹೋಯಿತು.

1887ರ ಮಾರ್ಚ್ 3ರಂದು ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯಿಂದ ಉಪಾಧ್ಯಾಯಿನಿ ಈ ಮನೆಗೆ ಬಂದಿಳಿದಾಗ ಹೆಲೆನಳಿಗೆ ಏಳು ತುಂಬಿರಲಿಲ್ಲ. ಎಲ್ಲರ ತಟ್ಟೆಗೂ ಕೈ ಹಾಕುವ, ಒದೆಯುವ, ಹೊಡೆಯುವ ಮಗು. ಬಂದ ಆನ್ ಸಲಿವನಳಾದರೂ ಇಪ್ಪತ್ತು ವರ್ಷದ ಹುಡುಗಿ. ಬಾಲ್ಯದಲ್ಲಿ ಅನಾಥಾಲಯದಂತಹ ಬಡವರ ಮನೆಯಲ್ಲಿ ಬೆಳೆದವಳು, ಕಣ್ಣುಬೇನೆಯಿಂದ ತಾನೇ ಅರೆಗುರುಡಿಯಾಗಿದ್ದವಳು. ಮಗುವಿನ ಅಂಗೈಯಲ್ಲಿ ಬೆರಳುಗಳಿಂದ ಒಂದೊಂದೇ ಅಕ್ಷರವನ್ನು ಮೂಡಿಸುವುದು ಆಕೆಯ ಕ್ರಮ. ಮಗು ಅದನ್ನು ಅನುಕರಿಸಿತು. ಆದರೆ ಅರ್ಥ ತಿಳಿಯದೆ. ಅರ್ಥವರಿಯದೆ ಶಬ್ದರೂಪಗಳನ್ನು ಒಪ್ಪಿಸುವ ವಿದ್ಯಾರ್ಥಿಗಳನ್ನು ನಾನೂ ಎಷ್ಟೋ ಮಂದಿಯನ್ನು ತಯಾರಿಸಿರುವೆನು!

ಮನೆಯ ಹಿಂದೆ ಆ ಕೈಪಂಪು ಈಗಲೂ ಇದೆ. ಏಪ್ರಿಲ್ 5ರಂದು ಆನ್ ಮಗುವಿನ ಒಂದು ಕೈಯ ಮೇಲೆ ನೀರು ಬೀಳಿಸುತ್ತಾ ಇನ್ನೊಂದು ಕೈಯಲ್ಲಿ ನೀರೆಂಬ ಶಬ್ದವನ್ನು ಬರೆದಳು. ಆಗ ಮಗುವಿಗೆ ಥಟ್ಟನೆ ಹೊಳೆಯಿತು, ವಸ್ತುಗಳಿಗೆ ಹೆಸರುಂಟೆಂದು. ಕೆಲವೇ ಗಂಟೆಗಳಲ್ಲಿ ಮೂವತ್ತು ಶಬ್ದಗಳು ಬಂದುವು. ಇದು ಎಲ್ಲರೂ ಬಲ್ಲ ಕಥೆ. ಮೊಮ್ಮಗನು ಪಂಪನ್ನು ಸುತ್ತಿ ನೋಡಿ ನನ್ನನ್ನು ಬೇರೆಯೇ ಪ್ರಶ್ನೆ ಕೇಳಿದನು.

“ತಾತ, ಅದಕ್ಕೆ ಮುಂಚೆ ಎಷ್ಟು ದಿನ ಅವಳಿಗೆ ತಿಳಿದಿರಲಿಲ್ಲ?”

“ಒಂದು ತಿಂಗಳಪ್ಪ.”

“ಮೇಡಂಗೆ ಕೋಪ ಬರಲಿಲ್ಲವೇ?”

ನಾನು ಸುಮ್ಮನಾದೆನು. ಸೊಸೆ ಪಂಪಿನ ಕಡೆಗೇ ನೋಡುತ್ತಿದ್ದಳು.

ನನಗೆ ಹೆಚ್ಚು ಬೆರಗಾದುದು ಅನಂತರದ ಸಂಗತಿ. ಮೊದಲು ಆನ್ ಕೂಡ ಗಂಟೆಗಂಟೆಯ ವೇಳಾಪಟ್ಟಿ ಹಾಕಿಕೊಂಡಿದ್ದಳು. ಆಗ ಹೆಲೆನಳ ನೆಂಟರ ಕೂಸೊಂದು, ಹದಿನೈದು ತಿಂಗಳಿನದು, ಆಕೆಯ ಕಣ್ಣಿಗೆ ಬಿದ್ದಿತು. ಅದಕ್ಕೆ ಯಾರೂ ಪಾಠ ಹೇಳಿರಲಿಲ್ಲ. ಆದರೂ ಕೇಳಿದುದರಲ್ಲಿ ಎಷ್ಟೋ ಅದಕ್ಕೆ ತಿಳಿಯುತ್ತಿತ್ತು. ಅಂದಿನಿಂದ ಆಕೆ ಪಟ್ಟಿಯನ್ನು ಬಿಟ್ಟು, ಕೂಸಿನ ಕಿವಿಯಲ್ಲಿ ಮಾತಾಡುವಂತೆ ಹೆಲೆನಳ ಕೈಯಲ್ಲಿ ದಿನವೆಲ್ಲಾ ಪೂರ್ಣವಾಕ್ಯಗಳನ್ನೇ ಆಡತೊಡಗಿದಳು. ನಮ್ಮ ಮೀಮಾಂಸಕರು ಇದನ್ನೇ ವೃದ್ಧವ್ಯವಹಾರದಿಂದಾಗುವ ಶಕ್ತಿಗ್ರಹವೆನ್ನುವರು. ಹಿರಿಯನು ಹಸುವನ್ನು ತಾ ಎನ್ನುವನು, ಇನ್ನೊಬ್ಬನು ತರುವನು. ಕುದುರೆಯನ್ನು ತಾ ಎನ್ನುವನು, ಹಸುವನ್ನು ಕಟ್ಟು ಎನ್ನುವನು. ಪಕ್ಕದಲ್ಲಿ ನೋಡುತ್ತಿರುವ ಮಗು ಯಾವ ಪದಕ್ಕೆ ಯಾವ ಅರ್ಥವೆಂದು ತಾನೇ ಬಿಡಿಸಿಕೊಳ್ಳುವುದು. ಈ ಪ್ರಕರಣವನ್ನು ನಾನು ಎಷ್ಟು ಸಲ ಪಾಠ ಹೇಳಿರುವೆನೋ! ಆ ಮಗುವಿನ ಮುಖವನ್ನು ಮಾತ್ರ ಒಮ್ಮೆಯೂ ನೆನೆದಿರಲಿಲ್ಲ.

ಹೆಲೆನಳ ಕಷ್ಟವೇ ಬೇರೆ, ನಮ್ಮ ಹುಡುಗನದೇ ಬೇರೆ. ಮಾತು ಕೇಳುತ್ತಾ ಬರುವಂತೆ ಓದು ತಾನಾಗಿ ಬಾರದು. ಇಂತಹ ಮಕ್ಕಳಿಗೆ ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಬಿಡಿಬಿಡಿಯಾಗಿ, ಕಣ್ಣು ಕಿವಿ ಬೆರಳು ಮೂರನ್ನೂ ಸೇರಿಸಿ, ಮತ್ತೆ ಮತ್ತೆ ಕಲಿಸಬೇಕಂತೆ. ಸೊಸೆಯ ಮರಳಿನ ತಟ್ಟೆ ಅದಕ್ಕಾಗಿಯೇ. ಹಾಗೆ ನೋಡಿದರೆ ನಮ್ಮ ಕೂಲಿಮಠಗಳಲ್ಲಿ ಮಕ್ಕಳು ತಿದ್ದುತ್ತಿದ್ದುದು ಮರಳಿನ ಮೇಲೆಯೇ ಅಲ್ಲವೇ? ನನ್ನ ತರಗತಿಯಲ್ಲಿಯೂ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯುವ ಹುಡುಗನೊಬ್ಬನಿದ್ದನು. ಅವನನ್ನು ವರ್ಷವಿಡೀ ಬೆಂಚಿನ ಮೇಲೆ ನಿಲ್ಲಿಸಿದೆನು. ಮರು ವರ್ಷ ಅವನು ಶಾಲೆಗೆ ಬರಲಿಲ್ಲ. ಈಗ ಎಲ್ಲಿರುವನೋ.

ಮಧ್ಯಾಹ್ನ ಟೆನೆಸ್ಸಿ ನದಿಯ ದಡಕ್ಕೆ ಹೋದೆವು. ಆನ್ ತನ್ನ ಶಿಷ್ಯೆಗೆ ಭೂಗೋಳ ಕಲಿಸಿದುದು ಈ ನದಿಯ ಅಂಚಿನಲ್ಲಿ: ಕಲ್ಲುಗಳಿಂದ ಅಣೆ ಕಟ್ಟಿ, ದ್ವೀಪ ಸರೋವರಗಳನ್ನು ತೋಡಿ. ಹೆಲೆನ್ ಅದನ್ನು ಆಟವೆಂದೇ ತಿಳಿದಿದ್ದಳಂತೆ. ಆ ಶಿಷ್ಯೆ 1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನ ಪದವೀಧರೆಯಾದಳು. ನದಿಯ ಮೇಲ್ಗಡೆ 1924ರಲ್ಲಿ ಮುಗಿದ ವಿಲ್ಸನ್ ಅಣೆಕಟ್ಟಿದೆ. ಮೊಮ್ಮಗನು ಅದರ ಬಾಗಿಲುಗಳು ತೆರೆಯುವ ಬಗೆಯನ್ನು ತನ್ನ ತಂದೆಗೇ ವಿವರಿಸುತ್ತಾ ಕಲ್ಲು ಜೋಡಿಸಿ ತಾನೂ ಒಂದು ಅಣೆ ಕಟ್ಟಿದನು. ನಾನು ಪಂಚೆಯನ್ನು ಎತ್ತಿ ಕಟ್ಟಿ ಪಕ್ಕದಲ್ಲಿ ಕುಳಿತೆನು.

“ತಾತ, ರಿವರ್‌ಗೆ ಕನ್ನಡದಲ್ಲಿ ಹೇಗೆ ಬರೆಯುತ್ತಾರೆ?”

ಒದ್ದೆ ಮಣ್ಣಿನ ಮೇಲೆ ಬೆರಳಿನಿಂದ ‘ನದಿ’ ಎಂದು ದೊಡ್ಡದಾಗಿ ಬರೆದೆನು. ಅವನು ಅದರ ಮೇಲೆ ಬೆರಳಾಡಿಸಿ, ಕೆಳಗೆ ತಾನೂ ಬರೆದನು. ಎರಡನೆಯ ಅಕ್ಷರ ತಿರುಗಿತ್ತು. ನನ್ನ ಕೈ ತಿದ್ದಲು ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ತೆಗೆದುಕೊಂಡೆನು. ಅಷ್ಟರಲ್ಲಿ ದೋಣಿಯೊಂದು ಹಾದುಹೋಗಿ, ಅಲೆ ಬಂದು ಎರಡನ್ನೂ ಒರೆಸಿತು.

“ಇನ್ನೊಂದು ಸಲ ಬರೆಯಿರಿ” ಎಂದನು ಹುಡುಗನು, ಸ್ವಲ್ಪ ಮೇಲಕ್ಕೆ ಸರಿದು ಕುಳಿತು.